ಪರ್ಮಿಟ್ ಕೇಳಿ, ಅಳೆದು ತೋರಿಸಲು ಹೇಳಿ: ಮನೆಗೂ ಗಿರಣಿಗೂ ಎಲೆಕ್ಟ್ರಿಷಿಯನ್ ಕರೆಸುವಾಗ

ನಮ್ಮ ಅಡುಗೆಮನೆಯ ಫ್ರಿಜ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಚಪ್ಪಲಿ ಹಾಕಿಕೊಂಡಿದ್ದರೆ ಏನೂ ಇಲ್ಲ. ನೆಲ ಒರೆಸಿದ ಮೇಲೆ ಬರಿಗಾಲಲ್ಲಿ ನಿಂತರೆ ಮೊಣಕೈವರೆಗೂ ಏರುತ್ತಿತ್ತು. ಸಾಗರದ ಮಳೆಗಾಲದಲ್ಲಿ ಕೆಂಪು ಗಾರೆಯ ನೆಲ ಒಣಗುವುದೆಂಬುದೇ ಇಲ್ಲ. ಮನೆಯ ಮುಂಭಾಗದಲ್ಲಿ ಮಾವನವರು ಹಾಕಿದ ಹಿಟ್ಟಿನ ಗಿರಣಿ, ಹಿಂಭಾಗದಲ್ಲಿ ನಾವು. 11 ವರ್ಷಗಳಿಂದ ಗಿರಣಿ ನೋಡಿಕೊಳ್ಳುತ್ತಿರುವವಳು ನಾನೇ.

ಪಕ್ಕದ ಬೀದಿಯ ಹುಡುಗನೊಬ್ಬನನ್ನು ಕರೆಸಿದೆ. ಚುರುಕು ಕೈ, ಒಳ್ಳೆಯ ಮಾತು. ಪ್ಲಗ್ ಬಿಚ್ಚಿ ಹತ್ತು ನಿಮಿಷ ಏನೋ ಮಾಡಿ, 300 ರೂಪಾಯಿ ತೆಗೆದುಕೊಂಡು ಹೋದ. ಜುಮ್ಮೆನ್ನುವುದು ನಿಂತಿತು. ಐದು ತಿಂಗಳ ನಂತರ ಒಂದು ಸಂಜೆ ಅಡುಗೆಮನೆಯ ದೀಪ ಆರಿತು. ಕರೆಂಟು ಹೋಯಿತೆಂದುಕೊಂಡ ಮಗಳು ಹಾಲು ಕೆಡುತ್ತದೆಂದು ತೆಗೆಯಲು ಫ್ರಿಜ್ ಬಾಗಿಲಿಗೆ ಕೈ ಹಾಕಿದಳು. ಎಸೆದಂತೆ ಹಿಂದಕ್ಕೆ ಬಿದ್ದಳು. ಕೈ ಅಂಟಿಕೊಳ್ಳದೆ ಬಿಟ್ಟುಕೊಂಡದ್ದರಿಂದ ಬದುಕಿದಳು. ಎರಡು ದಿನ ಬಲಗೈ ಮರಗಟ್ಟಿತ್ತು.

ಮರುದಿನ ಲೈಸೆನ್ಸ್ ಇರುವ ಗುತ್ತಿಗೆದಾರರೊಬ್ಬರು ಬಂದು ಅದೇ ಪ್ಲಗ್ ಬಿಚ್ಚಿ, ಟಾರ್ಚ್ ಹಿಡಿದು ನನ್ನನ್ನು ಕರೆದರು. ಒಳಗೆ ಕಿರುಬೆರಳಿನಷ್ಟು ಉದ್ದದ ಕಪ್ಪು ವೈರು. ಅದರ ಒಂದು ತುದಿ ನ್ಯೂಟ್ರಲ್ (ಕರೆಂಟು ಮರಳಿ ಹೋಗುವ ವೈರು) ಸ್ಕ್ರೂಗೆ, ಇನ್ನೊಂದು ತುದಿ ಮೇಲಿನ ದಪ್ಪ ಅರ್ಥ್ (ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ವೈರು) ಸ್ಕ್ರೂಗೆ. "ಅಕ್ಕಾ, ನಿಮ್ಮ ಮನೆಯಲ್ಲಿ ಅರ್ಥ್ ವೈರು ಇದೆ, ಆದರೆ ಅದು ಭೂಮಿಗೆ ತಲುಪಿಯೇ ಇಲ್ಲ. ಅದನ್ನು ಹುಡುಕುವ ಬದಲು ನ್ಯೂಟ್ರಲ್ಲನ್ನೇ ಫ್ರಿಜ್ಜಿನ ಮೈಗೆ ಕಟ್ಟಿದ್ದಾರೆ," ಎಂದರು. ನ್ಯೂಟ್ರಲ್ ಸರಿಯಿರುವವರೆಗೆ ಇದರ ಸುಳಿವು ಸಿಗುವುದಿಲ್ಲ. ಎಲ್ಲೋ ಒಂದು ಕಡೆ ನ್ಯೂಟ್ರಲ್ ಜಾಯಿಂಟ್ ಸಡಿಲವಾಯಿತೋ, ದೀಪ ಆರುತ್ತದೆ. ಫೇಸಿನ (ಕರೆಂಟು ತರುವ ವೈರಿನ) ಕರೆಂಟು ಮಾತ್ರ ಯಂತ್ರದೊಳಗಿಂದ ಹಾದು ಅದರ ಮೈಮೇಲೆ ಬಂದು ನಿಲ್ಲುತ್ತದೆ. ನಮ್ಮಲ್ಲಿ ಆದದ್ದು ಅದೇ.

ಆ ಹುಡುಗನ ಮೇಲೆ ನನಗೆ ಈಗ ಸಿಟ್ಟಿಲ್ಲ. ಕೇಳಬೇಕಾದದ್ದನ್ನು ನಾನು ಕೇಳಿರಲಿಲ್ಲ. ದೀಪ ಹತ್ತಿಸಲು ಯಾರಿಗಾದರೂ ಬರುತ್ತದೆ. ಕಣ್ಣಿಗೆ ಕಾಣದ ಅರ್ಥಿಂಗ್ ಸರಿಯಿದೆಯೇ ಎಂದು ಅಳೆದು, ಅದಕ್ಕೆ ಸಹಿ ಹಾಕುವವರು ಬೇಕು. ಅಂಥವರನ್ನು ಹುಡುಕಿ ಕೆಲಸ ಮಾಡಿಸಿಕೊಳ್ಳುವುದು ಹೇಗೆಂದು ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ.

ಯಾವ ಕೆಲಸಕ್ಕೆ ಲೈಸೆನ್ಸ್ ಬೇಕು

ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಇದ್ದ ಜಾಗದಲ್ಲೇ ಇದ್ದಂಥದ್ದನ್ನೇ ಬದಲಿಸಲು ಲೈಸೆನ್ಸ್ ಬೇಕಾಗಿಲ್ಲ. ಹೊಸ ಪಾಯಿಂಟ್ ಎಳೆಯುವುದು, ಗೀಸರ್ ಅಥವಾ ಎಸಿಗೆ ಲೈನ್ ಕೊಡುವುದು, ಡಿಬಿ (ಮನೆಯ ಲೈನ್‌ಗಳೆಲ್ಲ ಕವಲೊಡೆಯುವ ಸ್ವಿಚ್ ಪೆಟ್ಟಿಗೆ) ಬದಲಿಸುವುದು, ಅರ್ಥಿಂಗ್ ಮಾಡುವುದು, ಲೋಡ್ ಹೆಚ್ಚಿಸುವುದು ಎಲ್ಲವೂ ಲೈಸೆನ್ಸ್ ಹೊಂದಿದ ಗುತ್ತಿಗೆದಾರರ ಮೂಲಕವೇ ಆಗಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುವುದು ಇದನ್ನೇ. 2010ರ ನಿಯಮಗಳ ಜಾಗಕ್ಕೆ 2023ರಲ್ಲಿ ಹೊಸವು ಬಂದಿವೆ.

ಕರ್ನಾಟಕದಲ್ಲಿ ಲೈಸೆನ್ಸ್ ಮತ್ತು ಪರ್ಮಿಟ್‌ಗಳ ವ್ಯವಹಾರ ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ್ದು. ಮೆಸ್ಕಾಂ, ಬೆಸ್ಕಾಂಗಳು ಕರೆಂಟು ಕೊಡುವ ಕಂಪನಿಗಳು, ಅವೇ ಬೇರೆ. ನೀವು ನೋಡಬೇಕಾದ ಪತ್ರ ಮೂರು ಬಗೆಯದು: ಗುತ್ತಿಗೆದಾರರ ಲೈಸೆನ್ಸ್, ಕೆಲಸದ ಮೇಲ್ವಿಚಾರಣೆ ಮಾಡುವವರ ಸೂಪರ್‌ವೈಸರ್ ಪರ್ಮಿಟ್, ಕೈಯಾರೆ ಕೆಲಸ ಮಾಡುವವರ ವೈರ್‌ಮನ್ ಪರ್ಮಿಟ್. ಐಟಿಐ ಪ್ರಮಾಣಪತ್ರ ತೋರಿಸಿ "ಇದೇ ಲೈಸೆನ್ಸ್" ಎನ್ನುವವರಿದ್ದಾರೆ. ಐಟಿಐ ಓದಿಗೆ ಸಿಗುವ ಪತ್ರ. ಅದನ್ನು ಇಟ್ಟುಕೊಂಡು ಪರ್ಮಿಟ್ ಪಡೆಯಬಹುದು, ಆದರೆ ಅದೇ ಪರ್ಮಿಟ್ ಅಲ್ಲ.

ನಾನು ಹುಡುಕಿದ್ದು ಮೆಸ್ಕಾಂ ಸೆಕ್ಷನ್ ಆಫೀಸಿನ ಬಾಗಿಲಲ್ಲಿ. ಹೊಸ ಸಂಪರ್ಕದ ಅರ್ಜಿಯ ಜೊತೆ ವೈರಿಂಗ್ ಪೂರ್ಣಗೊಂಡಿದೆ ಎಂಬ ವರದಿಗೆ ಲೈಸೆನ್ಸ್ ಇರುವವರೇ ಸಹಿ ಹಾಕಬೇಕು. ಹಾಗಾಗಿ ಊರಿನ ಗುತ್ತಿಗೆದಾರರು ಫೈಲು ಹಿಡಿದು ಅಲ್ಲಿಗೆ ಬಂದೇ ಬರುತ್ತಾರೆ. ಒಂದು ಬೆಳಿಗ್ಗೆ ಕುಳಿತಿದ್ದರೆ ಮೂವರು ಸಿಗುತ್ತಾರೆ. ಒಂದು ಎಚ್ಚರಿಕೆ ಮಾತ್ರ ಬೇಕು: ಲೈಸೆನ್ಸ್ ಒಬ್ಬರ ಹೆಸರಲ್ಲಿ, ಕೆಲಸಕ್ಕೆ ಬರುವವರು ಇನ್ನೊಬ್ಬರು ಎಂಬುದು ನಮ್ಮ ಕಡೆ ಹೆಚ್ಚು. ಸಹಿಗೆ ಇಷ್ಟು ಎಂದು ಪಡೆದು ಮನೆಯ ಹೊಸ್ತಿಲನ್ನೂ ತುಳಿಯದವರಿದ್ದಾರೆ. ಆದ್ದರಿಂದ ನಾನು ಫೋನಿನಲ್ಲೇ ಕೇಳುತ್ತೇನೆ: "ಕೆಲಸದ ದಿನ ಯಾರು ಬರುತ್ತಾರೆ? ಅವರ ಪರ್ಮಿಟ್ ತರಲು ಹೇಳಿ. ನೀವು ಎಷ್ಟು ಸಲ ಬಂದು ನೋಡುತ್ತೀರಿ?" ಹೀಗೆ ಕೇಳಿದ್ದಕ್ಕೆ ಒಬ್ಬರು ಫೋನ್ ಇಟ್ಟುಬಿಟ್ಟರು. ಇನ್ನೊಬ್ಬರು ಸಂಜೆಯೇ ಬಂದು ಲೈಸೆನ್ಸ್ ಮೇಜಿನ ಮೇಲಿಟ್ಟರು. ಅದರಲ್ಲಿ ಹೆಸರು, ನಂಬರು, ದರ್ಜೆ ನೋಡಿ. ಮುಖ್ಯವಾಗಿ ಯಾವ ತಾರೀಖಿನವರೆಗೆ ಚಾಲ್ತಿಯಲ್ಲಿದೆ ಎಂಬುದನ್ನು ನೋಡಿ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಸರಿಯಾದವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಮೊದಲ ಭೇಟಿಯಲ್ಲಿ ಏನು ನೋಡುತ್ತಾರೆ

ಬಂದವರು ಮೊದಲು ಏನು ಕೇಳುತ್ತಾರೆ ಎಂಬುದರಲ್ಲೇ ಅರ್ಧ ತಿಳಿಯುತ್ತದೆ. ನಮ್ಮ ಗುತ್ತಿಗೆದಾರರು ಮೊದಲು ಕೇಳಿದ್ದು ಕರೆಂಟು ಬಿಲ್ಲು. ಅದರಲ್ಲಿ ಆರ್.ಆರ್. ನಂಬರು, ಮಂಜೂರಾದ ಲೋಡ್ ನೋಡಿದರು. ಮನೆಯಲ್ಲಿರುವ ಗೀಸರ್, ಇಂಡಕ್ಷನ್ ಒಲೆ, ಪಂಪು, ಮಿಕ್ಸಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿದರು. ಆಮೇಲೆ ಕೇಳಿದ್ದು, "ಅರ್ಥ್ ಗುಂಡಿ ಎಲ್ಲಿದೆ?" ನನಗೆ ಗೊತ್ತಿರಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಕೆಸುವಿನ ಗಿಡಗಳ ನಡುವೆ ಸಿಕ್ಕಿತು. ಪೈಪಿಗೆ ಬಿಗಿದಿದ್ದ ತಂತಿ ತುಕ್ಕು ಹಿಡಿದು ತುಂಡಾಗಿ ಎಷ್ಟು ವರ್ಷಗಳಾಗಿದ್ದವೋ.

ಅಳೆಯುವ ಯಂತ್ರ ತಂದಿದ್ದರು. ಹಿತ್ತಲಿನಲ್ಲಿ ದೂರ ದೂರಕ್ಕೆ ಎರಡು ಕಬ್ಬಿಣದ ಗೂಟ ಬಡಿದು, ವೈರು ಎಳೆದು ಯಂತ್ರಕ್ಕೆ ಜೋಡಿಸಿದರು. ಕರೆಂಟು ನೆಲಕ್ಕಿಳಿಯಲು ಎಷ್ಟು ತಡೆಯಿದೆ ಎಂದು ಅದು ಓಮ್ ಲೆಕ್ಕದಲ್ಲಿ ಹೇಳುತ್ತದೆ, ಕಡಿಮೆಯಿದ್ದಷ್ಟೂ ಒಳ್ಳೆಯದು. ಹಳೆಯ ಗುಂಡಿ 38 ಓಮ್ ತೋರಿಸಿತು. ಹೊಸದಾಗಿ ಎರಡು ಗುಂಡಿ ತೋಡಿ, ಎರಡೂವರೆ ಮೀಟರ್ ಉದ್ದದ ಜಿಐ ಪೈಪ್ ಇಳಿಸಿ, ಇದ್ದಿಲು ಮತ್ತು ಉಪ್ಪು ತುಂಬಿ, ಎರಡನ್ನೂ ಪಟ್ಟಿಯಿಂದ ಜೋಡಿಸಿದ ಮೇಲೆ 4.6 ಓಮ್‌ಗೆ ಇಳಿಯಿತು. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಆದ್ದರಿಂದ ಮಳೆಗಾಲದ ಅಳತೆಯನ್ನು ನಂಬಬೇಡಿ, ಏಪ್ರಿಲ್‌ನಲ್ಲಿ ಇನ್ನೊಮ್ಮೆ ಅಳೆಸಿ ಎಂದೂ ಹೇಳಿದರು.

ಇಲ್ಲಿ ಅವರು ಮಾಡಿ ತೋರಿಸಿದ ಒಂದು ಲೆಕ್ಕವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಯಂತ್ರದ ಮೈಗೆ ಫೇಸ್ ತಗುಲಿ ಕರೆಂಟು ಈ ಗುಂಡಿಯ ಮೂಲಕವೇ ನೆಲಕ್ಕೆ ಹರಿಯಿತು ಎನ್ನಿ. 230 ವೋಲ್ಟನ್ನು 4.6 ಓಮ್‌ನಿಂದ ಭಾಗಿಸಿದರೆ 50 ಆಂಪಿಯರ್. ಅಷ್ಟು ಹರಿದರೂ 32 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಕೂಡಲೇ ಬೀಳುವುದಿಲ್ಲ. ಒಳಗೆ ಬಿಸಿಯಾದ ಮೇಲೆ ನಿಧಾನವಾಗಿ ಬೀಳುತ್ತದೆ. ಅಷ್ಟರಲ್ಲಿ ಕೈಯಿಟ್ಟವರ ಗತಿ? ಎಂಸಿಬಿ ವೈರನ್ನು ಕಾಯುವುದಕ್ಕೆ ಇರುವುದು. ಮನುಷ್ಯರನ್ನು ಕಾಯುವುದಕ್ಕೆ ಆರ್‌ಸಿಸಿಬಿ ಬೇಕು. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಬೀಳುತ್ತದೆ. ಮನೆಗೆ 30 ಮಿಲಿಆಂಪಿಯರಿನದೇ ಆಗಬೇಕು. ಅಂಗಡಿಯವರು 100ರದ್ದು ಕೊಟ್ಟರೆ ಹಿಂದಿರುಗಿಸಿ.

ಆರ್‌ಸಿಸಿಬಿ ಹಾಕಿದ ಮೇಲೆ ಪದೇ ಪದೇ ಬೀಳುತ್ತದೆ ಎಂದು ಕೆಲವರು ಅದನ್ನೇ ತಪ್ಪಿಸಿ ನೇರ ಲೈನ್ ಕೊಡಿಸಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಪ್ಲಗ್ಗಿನಲ್ಲಿದ್ದಂಥ ಕಪ್ಪು ತುಂಡು ಎಲ್ಲೋ ಇದ್ದರೆ, ಅಥವಾ ಗೀಸರಿನ ಕಾಯಿಲ್ ಒಡೆದಿದ್ದರೆ ಅದು ಬೀಳಲೇಬೇಕು. ಅದು ತನ್ನ ಕೆಲಸ ಮಾಡುತ್ತಿದೆ. ಬೀಳುವ ಕಾರಣವನ್ನು ಒಂದೊಂದೇ ಲೈನ್ ತೆಗೆದು ಹುಡುಕುವ ತಾಳ್ಮೆ ಇರುವವರಿಗೆ ಎರಡು ಕಾಸು ಹೆಚ್ಚು ಕೊಡಿ.

ದರ ಮತ್ತು ಸಾಮಾನು

ನನಗೆ ಬಂದ ಎರಡು ಅಂದಾಜುಗಳಲ್ಲಿ ಒಂದು 41,000 ರೂಪಾಯಿ, ಇನ್ನೊಂದು 68,500. ಮೊದಲನೆಯದು ಒಂದೇ ಸಾಲು: "ಫುಲ್ ವೈರಿಂಗ್". ಎರಡನೆಯದು ಎರಡು ಪುಟ: ದೀಪ, ಫ್ಯಾನ್ ಪಾಯಿಂಟ್‌ಗಳಿಗೆ 1.5 ಚದರ ಮಿಲಿಮೀಟರ್ ವೈರು, ಪವರ್ ಪ್ಲಗ್‌ಗಳಿಗೆ 2.5, ಗೀಸರಿಗೆ 4, ಎರಡು ಅರ್ಥ್ ಗುಂಡಿ, ಡಿಬಿ, ಆರ್‌ಸಿಸಿಬಿ, ಕೊನೆಯಲ್ಲಿ ಪರೀಕ್ಷೆಯ ವರದಿ. ಮೊದಲಿನವರನ್ನು ಕೇಳಿದಾಗ ಅರ್ಥಿಂಗ್ ಲೆಕ್ಕದಲ್ಲೇ ಇರಲಿಲ್ಲ. ನಾನು ಎರಡನೆಯವರಿಗೆ ಕೊಟ್ಟೆ. ಪಾಯಿಂಟ್ ಲೆಕ್ಕದಲ್ಲಿ ದರ ಹೇಳುವವರಾದರೆ ಒಂದು ಪಾಯಿಂಟಿನಲ್ಲಿ ವೈರು, ಪೈಪು, ಬಾಕ್ಸು, ಗೋಡೆ ಕೊರೆದು ಮುಚ್ಚುವ ಕೂಲಿ ಸೇರಿದೆಯೇ ಎಂದು ಬರೆಸಿಕೊಳ್ಳಿ. ಜಗಳವಾಗುವುದು ಯಾವಾಗಲೂ ಅಲ್ಲೇ.

ಸಾಮಾನನ್ನು ನಾವೇ ತರುವುದಾದರೆ ವೈರಿನ ಮೇಲಿನ ಅಚ್ಚನ್ನು ಓದಿ. ಐಎಸ್‌ಐ ಗುರುತು ಮತ್ತು ಐಎಸ್ 694 ಎಂಬ ಸಂಖ್ಯೆ ಇರಬೇಕು. ಗುರುತಿನ ಜೊತೆ ಇರುವ ಸಿಎಂ/ಎಲ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ತಯಾರಕರದೆಂದು ತಿಳಿಯುತ್ತದೆ. ಹಸಿರು ವೈರು ಅರ್ಥ್‌ಗೆ, ಕಪ್ಪು ನ್ಯೂಟ್ರಲ್‌ಗೆ. ಉಳಿದ ಹಸಿರು ತುಂಡನ್ನು ಫೇಸ್‌ಗೆ ಬಳಸುವುದನ್ನು ಕಂಡರೆ ಅಲ್ಲಿಯೇ ನಿಲ್ಲಿಸಿ. ಮುಂದೆ ಇನ್ನಾರೋ ಬಂದು ಅದನ್ನು ಅರ್ಥ್ ಎಂದು ನಂಬಿ ಮುಟ್ಟುತ್ತಾರೆ.

ಗಿರಣಿಯ ಕಡೆ

ಅಂಗಡಿ, ಗಿರಣಿ, ಹೋಟೆಲು ಇರುವವರು ಮೊದಲು ನೋಡಬೇಕಾದದ್ದು ಮೀಟರು. ಮನೆಗೊಂದು ಆರ್.ಆರ್. ನಂಬರು, ವ್ಯಾಪಾರಕ್ಕೆ ಬೇರೊಂದು. ಮನೆಯ ಮೀಟರಿನಿಂದ ಅಂಗಡಿಗೆ ಒಂದು ಲೈನ್ ಎಳೆದುಕೊಂಡರೆ ಅದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆ. ದರದ ಎರಡು ಪಟ್ಟು ಕಟ್ಟಬೇಕಾಗುತ್ತದೆ. ಗುತ್ತಿಗೆದಾರರೇ "ಏನೂ ಆಗುವುದಿಲ್ಲ, ಎಳೆದು ಕೊಡುತ್ತೇನೆ" ಎಂದರೆ ಅವರಿಗೆ ನಮಸ್ಕಾರ ಹೇಳಿ ಬೇರೆಯವರನ್ನು ನೋಡಿ.

ನಮ್ಮ 10 ಎಚ್‌ಪಿ ಮೋಟಾರು ಎಂದರೆ ಸುಮಾರು 7.5 ಕಿಲೋವಾಟ್, ಮೂರು ಫೇಸ್. ಬೋರ್ಡು ತೆರೆದಿದ್ದು, ಪ್ರತಿ ಸ್ವಿಚ್ಚಿನ ಒಳಗೂ ಹಿಟ್ಟು ಕೂತಿತ್ತು. ಹಿಟ್ಟಿನ ಧೂಳು ಕಿಡಿಗೆ ಹೊತ್ತಿಕೊಳ್ಳುವ ವಸ್ತು ಎಂಬುದು ಗಿರಣಿಯವರಿಗೇ ಎಷ್ಟೋ ಸಲ ನೆನಪಿರುವುದಿಲ್ಲ. ರಬ್ಬರ್ ಅಂಚಿನ, ಧೂಳು ನುಗ್ಗದ ಪೆಟ್ಟಿಗೆ ಹಾಕಿಸಿದೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು (ಮೋಟಾರು ಹೆಚ್ಚು ಕರೆಂಟು ಎಳೆದರೆ ಅದನ್ನು ನಿಲ್ಲಿಸುವ ಭಾಗ) ಮೋಟಾರಿನ ಮೇಲಿನ ತಗಡಿನಲ್ಲಿ ಬರೆದ ಆಂಪಿಯರಿಗೆ ಹೊಂದಿಸಿದರು. ಅದುವರೆಗೆ ಯಾರೋ ಅದನ್ನು ಪೂರ್ತಿ ತಿರುಗಿಸಿ ಇಟ್ಟಿದ್ದರು, ಬೀಳದಿರಲಿ ಎಂದು.

ಇನ್ನೊಂದು ಮಾತು. ಮೂರು ಫೇಸ್ ಕೆಲಸ ಮುಗಿದ ಮೇಲೆ ಎರಡು ಫೇಸ್ ಅದಲುಬದಲಾಗಿದ್ದರೆ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಬೆಲ್ಟ್ ಕಳಚಿಟ್ಟು, ಒಂದು ಕ್ಷಣ ಚಾಲೂ ಮಾಡಿ, ತಿರುಗುವ ದಿಕ್ಕನ್ನು ಕಣ್ಣಾರೆ ನೋಡಿದ ಮೇಲೆಯೇ ಬೆಲ್ಟ್ ಹಾಕಿಸಿ.

ಹಣ ಕೊಡುವ ಮುಂಚೆ

ಕೊನೆಯ ಕಂತನ್ನು, ನನ್ನ ಲೆಕ್ಕದಲ್ಲಿ ಒಟ್ಟು ಹಣದ ಕಾಲು ಭಾಗವನ್ನು, ಅಳತೆಯ ದಿನದವರೆಗೆ ಕೈಯಲ್ಲೇ ಇಟ್ಟುಕೊಳ್ಳಿ. ಆ ದಿನ ನೀವೂ ಜೊತೆಯಲ್ಲಿ ನಿಲ್ಲಿ. ಮೆಗ್ಗರ್ ಎಂಬ ಯಂತ್ರದಿಂದ 500 ವೋಲ್ಟ್ ಹಾಯಿಸಿ ವೈರಿನ ಸಿಪ್ಪೆ ಕರೆಂಟನ್ನು ಎಷ್ಟು ತಡೆಯುತ್ತದೆಂದು ನೋಡುತ್ತಾರೆ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಎಲ್ಲೋ ತೇವವಿದೆ ಅಥವಾ ವೈರಿನ ಸಿಪ್ಪೆ ಹರಿದಿದೆ. ನಮ್ಮ ಬಚ್ಚಲ ಲೈನಿನಲ್ಲಿ 0.4 ಬಂತು. ಜಂಕ್ಷನ್ ಬಾಕ್ಸ್ ತೆಗೆದರೆ ಒಳಗೆ ನೀರು ನಿಂತಿತ್ತು, ಹೊಸ ವೈರಿಂಗಿನಲ್ಲೇ. ಅಳೆಯದೇ ಹೋಗಿದ್ದರೆ ಅದು ಅಲ್ಲಿಯೇ ಇರುತ್ತಿತ್ತು. ಬಳಿಕ ಪ್ರತಿ ಪ್ಲಗ್ಗಿನಲ್ಲೂ ಫೇಸ್ ಮತ್ತು ಅರ್ಥ್ ನಡುವೆ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ವೋಲ್ಟೇಜ್ ನೋಡಿ ಬರೆಯಿಸಿದೆ. ಎರಡನೆಯದು ಎರಡು ಮೂರು ವೋಲ್ಟ್ ಮೀರಬಾರದು.

ಈ ಅಂಕಿಗಳಿರುವ ಹಾಳೆಗೆ ಗುತ್ತಿಗೆದಾರರ ಸಹಿ, ಲೈಸೆನ್ಸ್ ನಂಬರು, ತಾರೀಖು ಹಾಕಿಸಿಕೊಳ್ಳಿ. ಯಾವ ಎಂಸಿಬಿ ಯಾವ ಕೋಣೆಯದೆಂದು ಡಿಬಿ ಬಾಗಿಲಿನ ಒಳಗೆ ಕನ್ನಡದಲ್ಲಿ ಬರೆದು ಅಂಟಿಸಲು ಹೇಳಿ. ನಮ್ಮ ಅತ್ತೆಗೆ 78 ವರ್ಷ. ಈಗ ಅವರೂ ಓದಿ ಅಡುಗೆಮನೆಯದನ್ನು ಇಳಿಸಬಲ್ಲರು. ಕಂಬದ ಕಡೆಯ ತೊಂದರೆ, ತುಂಡಾದ ಸರ್ವಿಸ್ ವೈರು, ಮೀಟರಿನಿಂದ ಹೊಗೆ, ಇವೆಲ್ಲ ಗುತ್ತಿಗೆದಾರರ ಕೆಲಸವಲ್ಲ. ಅದಕ್ಕೆ 1912ಕ್ಕೆ ಫೋನ್ ಮಾಡಬೇಕು. ಆ ಸಂಖ್ಯೆಯನ್ನೂ ಅದೇ ಬಾಗಿಲಿಗೆ ಅಂಟಿಸಿದ್ದೇವೆ.

ಪ್ರತಿ ತಿಂಗಳ ಒಂದನೇ ತಾರೀಖು ಮಗಳು ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತುತ್ತಾಳೆ. ಟಕ್ ಎಂದು ಬಿದ್ದರೆ ಕ್ಯಾಲೆಂಡರಿನಲ್ಲಿ ಗೆರೆ ಹಾಕುತ್ತಾಳೆ. ಮಾರ್ಚ್‌ನಿಂದ ಮೊದಲ ಮಳೆಯವರೆಗೆ ಭಾನುವಾರಗಳಂದು ಹಿತ್ತಲಿನ ಎರಡೂ ಅರ್ಥ್ ಗುಂಡಿಗಳಿಗೆ ಒಂದೊಂದು ಕೊಡ ನೀರು ಹಾಕುವುದು ನನ್ನ ಪಾಲಿನ ಕೆಲಸ.