ಮೆಜೆಸ್ಟಿಕ್‌ನ ಕೆಳಗಿನ ಕೆರೆ ಮತ್ತು ನಿಮ್ಮ ಮೊದಲ ಸಂಪ್ರಬಂಧ

ಪದವಿ ತರಗತಿಯ ಸಂಪ್ರಬಂಧಗಳನ್ನು (ವಿದ್ಯಾರ್ಥಿಗಳು ತಾವೇ ಹುಡುಕಿ ಬರೆಯುವ ದೀರ್ಘ ಬರಹಗಳನ್ನು) ತಿದ್ದುವವರಿಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: ‘ಇಂದಿನ ಆಧುನಿಕ ಯುಗದಲ್ಲಿ...’ ಕೆರೆಯ ಬಗ್ಗೆ ಬರೆದರೂ ಅದೇ, ಮೊಬೈಲ್ ಬಗ್ಗೆ ಬರೆದರೂ ಅದೇ. ತಪ್ಪು ಮಕ್ಕಳದ್ದಲ್ಲ. ಪ್ರೌಢಶಾಲೆಯಲ್ಲಿ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಖಾನೆ ತುಂಬಿದರೆ ಅಂಕ ಬರುತ್ತಿತ್ತು. ಕಾಲೇಜಿನಲ್ಲಿ ಕೇಳುವುದು ಬೇರೆ: ನೀವೇನನ್ನು ಹುಡುಕಿದಿರಿ, ನಿಮಗೇನು ಸಿಕ್ಕಿತು?

ಹಾಗಾಗಿ ಮೊದಲ ಕೆಲಸ, ವಿಷಯವನ್ನು ಪ್ರಶ್ನೆಯಾಗಿಸುವುದು. ‘ಬೆಂಗಳೂರಿನ ಕೆರೆಗಳು’ ಎಂಬುದು ವಿಷಯ; ಅದರ ಮೇಲೆ ಹತ್ತು ಪುಟವಲ್ಲ, ಹತ್ತು ಸಂಪುಟ ಬರೆಯಬಹುದು. ಒಂದೇ ಕೆರೆಗೆ ಇಳಿಯಿರಿ. ಇಂದು ಮೆಜೆಸ್ಟಿಕ್‌ನ ಬಸ್ ನಿಲ್ದಾಣವಿರುವ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆಯಿತ್ತು, ಪೇಟೆಯ ಜನ ಅದರ ನೀರನ್ನು ಬಳಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಊರಾಚೆಯ ಹೆಸರಘಟ್ಟದ ಜಲಾಶಯದಿಂದ ನಲ್ಲಿ ನೀರು ಬಂತು. ಈಗ ಕೇಳಿ: ನಲ್ಲಿ ಬಂದದ್ದರಿಂದಲೇ ಊರಿಗೆ ಕೆರೆ ಬೇಡವಾಯಿತೇ? ಇಬ್ಬರು ತಿಳಿದವರು ಇದಕ್ಕೆ ಬೇರೆ ಬೇರೆ ಉತ್ತರ ಕೊಡಬಹುದು, ಇಬ್ಬರೂ ಆಧಾರ ತೋರಿಸಬೇಕಾಗುತ್ತದೆ. ಅಂಥದ್ದು ಒಳ್ಳೆಯ ಪ್ರಶ್ನೆ. ‘ಕೆರೆಗಳನ್ನು ಉಳಿಸಬೇಕೇ?’ ಎಂಬುದಕ್ಕೆ ಯಾರೂ ಬೇಡ ಎನ್ನುವುದಿಲ್ಲ, ಆದ್ದರಿಂದ ಅಲ್ಲಿ ಹುಡುಕುವುದಕ್ಕೂ ಏನಿಲ್ಲ.

ಆಮೇಲೆ ಆಕರಗಳು. ವಿಕಿಪೀಡಿಯವನ್ನು ಬಾಗಿಲಾಗಿ ಬಳಸಿ. ಅದರ ಅಡಿಟಿಪ್ಪಣಿಗಳು ಎಲ್ಲಿಗೆ ಕರೆದೊಯ್ಯುತ್ತವೆ ನೋಡಿ, ಅಲ್ಲಿಗೆ ಹೋಗಿ. ಕೆರೆಯ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎರಡು ಮೂರು ಕಾಗುಣಿತಗಳಲ್ಲಿ ಹುಡುಕಬೇಕು, ಏಕೆಂದರೆ ಹಳೆಯ ದಾಖಲೆಗಳು ಹೆಸರನ್ನು ತಮಗೆ ತೋಚಿದಂತೆ ಬರೆದಿರುತ್ತವೆ. ಇನ್ನೊಂದು ತೊಡಕು ಕನ್ನಡದಂಥ ಭಾರತೀಯ ಭಾಷೆಗಳದ್ದು: ಯೂನಿಕೋಡ್ (ಎಲ್ಲ ಗಣಕಗಳೂ ಒಂದೇ ರೀತಿ ಓದುವ ಅಕ್ಷರಸಂಕೇತ) ಬರುವ ಮುಂಚಿನ ಫಾಂಟ್‌ಗಳಲ್ಲಿ ಅಚ್ಚುಮಾಡಿದ ಕಡತ ಜಾಲದಲ್ಲಿದ್ದರೂ ಹುಡುಕಾಟದಲ್ಲಿ ಸಿಗದೇ ಹೋಗಬಹುದು. ಜಾಲದಲ್ಲಿ ಸಿಗಲಿಲ್ಲ ಎಂದ ಮಾತ್ರಕ್ಕೆ ಯಾರೂ ಬರೆದಿಲ್ಲ ಎಂದುಕೊಳ್ಳಬೇಡಿ. ಬಿ. ಎಲ್. ರೈಸ್ ಅವರು ಹಳೆಯ ಮೈಸೂರು ಸಂಸ್ಥಾನದ ವಿವರಗಳನ್ನು ಕಲೆಹಾಕಿದ ಮೈಸೂರು ಗೆಜೆಟಿಯರ್‌ನ 1897ರ ಪರಿಷ್ಕೃತ ಆವೃತ್ತಿಯ ಸ್ಕ್ಯಾನ್ ಪ್ರತಿ ಉಚಿತವಾಗಿ ಓದಲು ಸಿಗುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿವೆ. ಬೆಂಗಳೂರಿನಲ್ಲಿದ್ದರೆ ಕಬ್ಬನ್ ಉದ್ಯಾನದ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಒಂದು ಮಧ್ಯಾಹ್ನ ಕೊಡಿ. ಗ್ರಂಥಪಾಲಕರನ್ನು ‘ಕೆರೆ ಬಗ್ಗೆ ಪುಸ್ತಕ ಇದೆಯೇ’ ಎಂದು ಕೇಳಬೇಡಿ, ನಿಮ್ಮ ಪ್ರಶ್ನೆಯನ್ನೇ ಅವರ ಮುಂದಿಡಿ.

ಎಲ್ಲಕ್ಕಿಂತ ಹೆಚ್ಚು ಜನ ಸೋಲುವುದು ಟಿಪ್ಪಣಿಯಲ್ಲಿ, ನಾನೂ ಸೋತಿದ್ದೇನೆ. ವಿದ್ಯಾರ್ಥಿಯಾಗಿದ್ದಾಗ ಒಂದು ಸೊಗಸಾದ ಸಾಲನ್ನು ನೋಟ್‌ಬುಕ್‌ಗೆ ಇಳಿಸಿಕೊಂಡಿದ್ದೆ, ಪುಟಸಂಖ್ಯೆ ಬರೆದಿರಲಿಲ್ಲ. ಬರೆಯುವ ಹೊತ್ತಿಗೆ ಅದು ಪುಸ್ತಕದ ಸಾಲೋ ನನ್ನದೋ ಎಂಬುದೇ ತಿಳಿಯದಾಯಿತು. ಎರಡು ದಿನ ಹುಡುಕಿ, ಕೊನೆಗೆ ಅದನ್ನು ಬಿಟ್ಟುಬಿಟ್ಟೆ. ಅಂದಿನಿಂದ ಒಂದು ಸಂಗತಿಗೆ ಒಂದೇ ಚೀಟಿ. ಮೇಲ್ಗಡೆ ಪುಸ್ತಕದ ಹೆಸರು ಮತ್ತು ಪುಟ. ಇದನ್ನು ಮೊದಲು ಬರೆಯಬೇಕು, ಓದಿ ಮುಗಿಸಿದ ಮೇಲಲ್ಲ. ಲೇಖಕರ ಮಾತೇ ಆದರೆ ಉದ್ಧರಣ ಚಿಹ್ನೆಯೊಳಗೆ. ಸಾರಾಂಶವಾದರೆ ಪುಸ್ತಕ ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ಬರೆಯಿರಿ, ಆಮೇಲೆ ತೆರೆದು ತಾಳೆ ನೋಡಿ. ನಿಮಗೆ ಹೊಳೆದದ್ದಕ್ಕೆ ಬೇರೆ ಬಣ್ಣದ ಶಾಯಿ. ಮೊಬೈಲ್‌ನಲ್ಲಿ ಪುಟದ ಚಿತ್ರ ತೆಗೆದಿಟ್ಟುಕೊಂಡರೆ ಟಿಪ್ಪಣಿ ಮಾಡಿದಂತಾಗುವುದಿಲ್ಲ, ಅದು ಓದನ್ನು ನಾಳೆಗೆ ತಳ್ಳಿದ್ದಷ್ಟೇ.

ಚೀಟಿಗಳು ಸೇರುತ್ತಿದ್ದಂತೆ ಜಗಳವಾಡತೊಡಗುತ್ತವೆ. ಹೆಸರಘಟ್ಟದ ನೀರಿನ ಬಗ್ಗೆ ಒಂದು ಕಡೆ 1894 ಎಂದಿರುತ್ತದೆ, ಇನ್ನೊಂದು ಕಡೆ 1896. ಇಷ್ಟವಾದದ್ದನ್ನು ಆರಿಸಿಕೊಂಡು ಮುಂದೆ ಹೋಗಬೇಡಿ. ಆ ಲೇಖಕರು ಹೇಳುತ್ತಿರುವುದು ಯೋಜನೆಯ ವರ್ಷವನ್ನೋ, ಊರಿಗೆ ನೀರು ತಲುಪಿದ ವರ್ಷವನ್ನೋ? ಯಾರು ಆ ಕಾಲಕ್ಕೆ ಹತ್ತಿರದವರು, ಯಾರು ಇನ್ನೊಬ್ಬರನ್ನು ನೋಡಿ ಬರೆದವರು? ಈ ಗೊಂದಲವನ್ನು ಬಿಡಿಸಿದ ಪ್ಯಾರಾವೇ ಎಷ್ಟೋ ಸಲ ಇಡೀ ಬರಹದ ಜೀವಾಳವಾಗುತ್ತದೆ.

ಈಗ ಉತ್ತರವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ನಲ್ಲಿ ನೀರು ಕೆರೆಯನ್ನು ಕೊಲ್ಲಲಿಲ್ಲ, ಅದನ್ನು ಕಾಯುವ ಕಾರಣವನ್ನು ಕಿತ್ತುಕೊಂಡಿತು’ ಎಂಬಂಥದ್ದು. ನಿಮ್ಮ ಆಧಾರ ಬೇರೆ ಹೇಳಿದರೆ ವಾಕ್ಯವೂ ಬೇರೆಯಾಗಲಿ. ಚೀಟಿಗಳನ್ನು ನೆಲದ ಮೇಲೆ ಹರಡಿ, ಈ ವಾಕ್ಯಕ್ಕೆ ಒದಗುವ ಕ್ರಮದಲ್ಲಿ ಜೋಡಿಸಿ. ಒದಗದವನ್ನು ಪಕ್ಕಕ್ಕಿಡಿ, ಎಷ್ಟೇ ಕಷ್ಟಪಟ್ಟು ಹುಡುಕಿದ್ದರೂ. ಆದರೆ ನಿಮ್ಮ ವಾಕ್ಯಕ್ಕೆ ಎದುರಾಡುವ ಚೀಟಿಯನ್ನು ಮಾತ್ರ ಬಚ್ಚಿಡಬೇಡಿ. ಅದಕ್ಕೊಂದು ಪ್ಯಾರಾ ಕೊಟ್ಟು ಉತ್ತರಿಸಿ.

ಕೃತಿಚೌರ್ಯದ ಬಗ್ಗೆ ಚಿಕ್ಕದಾಗಿ. ಪ್ರಬಂಧಗಳಲ್ಲಿನ ನಕಲಿನ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ನಿಯಮ ತಂದಿದೆ, ಶೇ 10ಕ್ಕಿಂತ ಹೆಚ್ಚಿನ ಹೋಲಿಕೆಗೆ ಹಂತ ಹಂತವಾಗಿ ದಂಡನೆಯಿದೆ. ಆ ಲೆಕ್ಕಕ್ಕಿಂತ ಮುಖ್ಯವಾದದ್ದು, ಪದ ಬದಲಿಸಿದರೂ ಆಲೋಚನೆ ಇನ್ನೊಬ್ಬರದಾದರೆ ಅಡಿಟಿಪ್ಪಣಿ ಬೇಕೇ ಬೇಕು. ಎಐ ಕೊಟ್ಟ ಗ್ರಂಥಋಣವನ್ನು (ಆಕರಗಳ ಪಟ್ಟಿಯನ್ನು) ಹಾಗೇ ಅಂಟಿಸಬೇಡಿ, ಹುಟ್ಟದೇ ಇರುವ ಪುಸ್ತಕಗಳು ಅದರಲ್ಲಿ ಇರಬಹುದು. ಕಣ್ಣಾರೆ ನೋಡದ ಪುಸ್ತಕ ಪಟ್ಟಿಗೆ ಬೇಡ.

ಪೀಠಿಕೆಯನ್ನು ಕೊನೆಗೆ ಬರೆಯಿರಿ. ಏನು ಹೇಳಿದ್ದೀರಿ ಎಂಬುದು ನಿಮಗೆ ತಿಳಿಯುವುದೇ ಆಗ. ನಂತರ ಕರಡನ್ನು ಒಂದೆರಡು ದಿನ ಮುಚ್ಚಿಟ್ಟು, ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಅಜ್ಜಿಯಾದರೂ ಆದೀತು, ತಮ್ಮನಾದರೂ ಆದೀತು. ಅವರು ‘ಯಾವ ಕೆರೆ?’, ‘ಹಾಗಂತ ಯಾರು ಹೇಳಿದರು?’ ಎಂದು ತಡೆದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಎರಡನೆಯ ಕರಡು ಆ ಗುರುತುಗಳಿಂದ ಶುರುವಾಗುತ್ತದೆ.