ದಿನಕ್ಕೆ ಎಷ್ಟು ಕ್ಯಾಲೊರಿ? ನಾನು ಲೆಕ್ಕ ಹಾಕಿದ ಬಗೆ

ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿರುವ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಕುಳಿತೇ ಇರುವ ನನ್ನ ತೂಕ 47ನೇ ವಯಸ್ಸಿಗೆ 82 ಕೆಜಿ ಮುಟ್ಟಿತ್ತು. ಎತ್ತರ 168 ಸೆಂ.ಮೀ. ಇರುವುದರಿಂದ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 29ರಷ್ಟಾಯಿತು. ಭಾರತೀಯರಲ್ಲಿ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ವೈದ್ಯರು ಪರಿಗಣಿಸುತ್ತಾರೆ. 'ಅನ್ನ ಬಿಡಿ', 'ರಾತ್ರಿ ಊಟ ಬಿಡಿ' ಎಂಬ ಸಲಹೆಗಳು ಬೇಕಾದಷ್ಟು ಸಿಕ್ಕವು. ಆದರೆ ನನ್ನ ದೇಹಕ್ಕೆ ದಿನವೊಂದಕ್ಕೆ ಎಷ್ಟು ಬೇಕು ಎಂಬ ಅಂಕಿ ಕೈಯಲ್ಲಿ ಇಲ್ಲದೆ ಏನನ್ನು ಬಿಟ್ಟರೂ ಅದು ಅಂದಾಜಿನ ವ್ಯವಹಾರವೇ ಆಗುತ್ತದೆ ಎಂದು ನನಗೆ ಅನ್ನಿಸಿತು.

ಮೊದಲು ಸೂತ್ರದಿಂದಲೇ ಆರಂಭಿಸಿದೆ. ಏನೂ ಮಾಡದೆ ಮಲಗಿದ್ದರೂ ಉಸಿರಾಟ, ರಕ್ತಪರಿಚಲನೆ, ದೇಹದ ಶಾಖಗಳಿಗಾಗಿ ಖರ್ಚಾಗುವ ಶಕ್ತಿಯನ್ನು ಲೆಕ್ಕ ಹಾಕಲು ಈಗ ಹೆಚ್ಚಾಗಿ ಬಳಸುವುದು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರವನ್ನು. ಕೆಜಿಯಲ್ಲಿರುವ ತೂಕವನ್ನು 10ರಿಂದ, ಸೆಂಟಿಮೀಟರಿನಲ್ಲಿರುವ ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ವಯಸ್ಸನ್ನು 5ರಿಂದ ಗುಣಿಸಿ ಅದರಿಂದ ಕಳೆಯಬೇಕು. ಕೊನೆಗೆ ಗಂಡಸರಾದರೆ 5 ಸೇರಿಸಬೇಕು, ಹೆಂಗಸರಾದರೆ 161 ಕಳೆಯಬೇಕು. ನನ್ನ ಮಟ್ಟಿಗೆ ಅದು 820 ಮತ್ತು 1,050 ಕೂಡಿ, 235 ಕಳೆದು, 5 ಸೇರಿ 1,640 ಆಯಿತು.

ಇಲ್ಲಿಯವರೆಗೆ ತಕರಾರಿಲ್ಲ. ಗೊಂದಲ ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ. ಈ ಅಂಕಿಯನ್ನು ಚಟುವಟಿಕೆಗೆ ತಕ್ಕಂತೆ ಗುಣಿಸಬೇಕು: ಕುಳಿತು ಕೆಲಸ ಮಾಡುವವರಿಗೆ 1.2, ಸ್ವಲ್ಪ ನಡೆದಾಡುವವರಿಗೆ 1.375, ಮಧ್ಯಮ ಶ್ರಮದವರಿಗೆ 1.55. ನಾನು 1.2 ಹಿಡಿದರೆ 1,968, 1.375 ಹಿಡಿದರೆ 2,255. ಎರಡರ ನಡುವಿನ ಅಂತರ 287 ಕ್ಯಾಲೊರಿ, ಎಂದರೆ ದೊಡ್ಡದೊಂದು ರಾಗಿ ಮುದ್ದೆಗೆ ಹತ್ತಿರ. ಬೆಳಿಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುವವರೆಲ್ಲ ತಮ್ಮನ್ನು ಮಧ್ಯಮ ಶ್ರಮದವರ ಸಾಲಿಗೆ ಸೇರಿಸಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಆದರೆ 80 ಕೆಜಿ ತೂಕದವರು ಐದು ಕಿ.ಮೀ. ನಡೆದರೆ, ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿದ್ದ ಪಾಲನ್ನು ಬಿಟ್ಟು, ಹೆಚ್ಚುವರಿಯಾಗಿ ಕರಗುವುದು ಸುಮಾರು 200 ಕ್ಯಾಲೊರಿ ಮಾತ್ರ. ಕೈಗಡಿಯಾರದಲ್ಲಿ ಕಾಣುವ ಅಂಕಿ ಇದಕ್ಕಿಂತ ದೊಡ್ಡದಾಗಿರಲು ಕುಳಿತಿದ್ದಾಗಿನ ಪಾಲೂ ಅದರೊಳಗೆ ಸೇರಿರುವುದು ಒಂದು ಕಾರಣ. ನಡೆದು ಮುಗಿಸಿದವರು ನೇರವಾಗಿ ಬೆಣ್ಣೆ ದೋಸೆಯ ಹೋಟೆಲಿಗೆ ಹೋಗುವ ನಮ್ಮೂರ ಸಂಪ್ರದಾಯದ ಲೆಕ್ಕವನ್ನು ಮುಂದೆ ಹೇಳುತ್ತೇನೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ವರದಿಯನ್ನೂ ನೋಡಿದೆ. ಕುಳಿತು ಕೆಲಸ ಮಾಡುವ 65 ಕೆಜಿ ತೂಕದ ಗಂಡಸಿಗೆ 2,110, 55 ಕೆಜಿ ತೂಕದ ಹೆಂಗಸಿಗೆ 1,660 ಕ್ಯಾಲೊರಿ ಎಂದು ಅದರಲ್ಲಿದೆ. ಇದು ಸರಾಸರಿ ವ್ಯಕ್ತಿಯ ಅಂಕಿಯೇ ಹೊರತು ನನ್ನದಲ್ಲ. ಸೂತ್ರ ಕೊಡುವುದೂ ಒಂದು ಆರಂಭದ ಅಂಕಿಯನ್ನು ಮಾತ್ರ. ನಿಜವಾದ ಅಂಕಿಯನ್ನು ತಟ್ಟೆ ಮತ್ತು ತಕ್ಕಡಿಗಳಿಂದಲೇ ಹೊರಡಿಸಬೇಕು.

ಹಾಗಾಗಿ ಆರಂಭದ ಕೆಲವು ವಾರ ನಾನು ಊಟದಲ್ಲಿ ಏನನ್ನೂ ಕಡಿಮೆ ಮಾಡಲಿಲ್ಲ. ಎಂದಿನಂತೆ ಉಂಡು, ಉಂಡದ್ದನ್ನೆಲ್ಲ ತೂಗಿ ಬರೆದೆ. ಹಸಿ ಪದಾರ್ಥವನ್ನೇ ತೂಗಬೇಕೆಂಬುದು ಇಲ್ಲಿ ಮುಖ್ಯವಾದ ನಿಯಮ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ ಇದ್ದರೆ, ನೀರು ಕುಡಿದು ಅನ್ನವಾದ ಮೇಲೆ ಅದೇ 100 ಗ್ರಾಂ ತೂಕದಲ್ಲಿ ಇರುವುದು 130ರ ಆಸುಪಾಸು. ಮುದ್ದೆಯನ್ನೂ ರೊಟ್ಟಿಯನ್ನೂ ಹಿಟ್ಟಿನ ತೂಕದಿಂದಲೇ ಲೆಕ್ಕ ಹಾಕಿದೆ: ರಾಗಿ 100 ಗ್ರಾಂಗೆ 320, ಜೋಳ 334. ಈ ಅಂಕಿಗಳು ಅದೇ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕದಲ್ಲಿ ಸಿಗುತ್ತವೆ. ಆದರೆ ಅಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿರುವುದರಿಂದ 4.184ರಿಂದ ಭಾಗಿಸಿಕೊಳ್ಳಬೇಕು. ನಮ್ಮ ಮನೆಯಲ್ಲಿ ತಟ್ಟುವ ಜೋಳದ ರೊಟ್ಟಿಗೆ ಸುಮಾರು 50 ಗ್ರಾಂ ಹಿಟ್ಟು ಹಿಡಿಯುತ್ತದೆ, ಆದ್ದರಿಂದ ರೊಟ್ಟಿಯೊಂದಕ್ಕೆ 165 ಎಂದು ಬರೆದುಕೊಂಡೆ.

ನಿಜವಾಗಿ ಕಣ್ಣು ತೆರೆಸಿದ್ದು ಎಣ್ಣೆ. ಒಗ್ಗರಣೆಗೆ ಬಿದ್ದ ಎಣ್ಣೆಯನ್ನು ಪ್ರತಿ ಸಲ ತೂಗುತ್ತಾ ಕೂರಲು ಆಗುವುದಿಲ್ಲ, ಅಡುಗೆ ಮಾಡುವವರಿಗೆ ಸಿಟ್ಟು ಬರುತ್ತದೆ. ಅದರ ಬದಲು ತಿಂಗಳ ಕೊನೆಯಲ್ಲಿ ಎಷ್ಟು ಖಾಲಿಯಾಗಿದೆ ಎಂದು ನೋಡಿದೆ. ನಾಲ್ಕು ಜನರ ಮನೆಗೆ ನಾಲ್ಕು ಲೀಟರ್. ಲೀಟರಿಗೆ 910 ಗ್ರಾಂ ಹಿಡಿದರೆ ತಲೆಗೆ ದಿನಕ್ಕೆ 30 ಗ್ರಾಂ ಬರುತ್ತದೆ. ಕೊಬ್ಬು ಗ್ರಾಂಗೆ 9 ಕ್ಯಾಲೊರಿ ಕೊಡುವುದರಿಂದ, ತಟ್ಟೆಯಲ್ಲಿ ಕಣ್ಣಿಗೆ ಬೀಳದ ಈ ಎಣ್ಣೆಯೇ 270 ಕ್ಯಾಲೊರಿಯಾಯಿತು. ಶೇಂಗಾ ಚಟ್ನಿ ಪುಡಿ, ಕೊಬ್ಬರಿ, ತುಪ್ಪ ಇದರ ಹೊರಗಿನವು. ಅಂಗಡಿಗೆ ಬರುವ ಬೈಟು ಟೀಯಲ್ಲಿ ಎರಡು ಚಮಚ ಸಕ್ಕರೆ ಇದ್ದರೆ ಅದೇ 40, ಹಾಲಿನದು ಬೇರೆ. ಅಂಥವು ದಿನಕ್ಕೆ ನಾಲ್ಕು ಒಳಗೆ ಹೋಗುತ್ತಿದ್ದವು.

ಬೆಣ್ಣೆ ದೋಸೆಯ ಲೆಕ್ಕವನ್ನು ಹೋಟೆಲಿನಲ್ಲಿ ಹಾಕಲು ಸಾಧ್ಯವಿಲ್ಲವಾದ್ದರಿಂದ ಒಂದು ಭಾನುವಾರ ಮನೆಯಲ್ಲೇ ಮಾಡಿ ತೂಗಿದೆವು. ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿದ ಹಿಟ್ಟು 100 ಗ್ರಾಂ ಹುಯ್ದರೆ ಅದರಲ್ಲಿ ಸುಮಾರು 130 ಕ್ಯಾಲೊರಿ. ಹೋಟೆಲಿನ ರುಚಿ ಬರುವವರೆಗೆ ಬೆಣ್ಣೆ ಹಾಕುತ್ತಾ ಹೋದಾಗ 25 ಗ್ರಾಂ ಹಿಡಿಯಿತು. ಬೆಣ್ಣೆ 100 ಗ್ರಾಂಗೆ 720ರಂತೆ ಅದೇ 180. ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಸೇರಿ ದೋಸೆಯೊಂದು 400ರ ಹತ್ತಿರ ಬಂತು. ಎಂದರೆ ಕೆರೆಯ ಏರಿಯ ಮೇಲಿನ ಐದು ಕಿ.ಮೀ. ಅರ್ಧ ದೋಸೆಗೆ ಸಮ. ಮಂಡಕ್ಕಿಯ ವಿಷಯ ಇದಕ್ಕೆ ತದ್ವಿರುದ್ಧ. ಅದು ನೋಡಲು ರಾಶಿಯಾಗಿದ್ದರೂ 50 ಗ್ರಾಂ ತೂಗುವಷ್ಟರಲ್ಲಿ ತಟ್ಟೆ ತುಂಬುತ್ತದೆ, ಕ್ಯಾಲೊರಿ 180. ತೂಕ ಹೆಚ್ಚಿಸುವುದು ಅದರ ಪಕ್ಕದಲ್ಲಿ ಬರುವ ಮಿರ್ಚಿ, ಆದ್ದರಿಂದ ನಾನು ಮಂಡಕ್ಕಿಯನ್ನು ಉಳಿಸಿಕೊಂಡು ಮಿರ್ಚಿಯನ್ನು ಒಂದಕ್ಕೆ ಇಳಿಸಿದೆ.

ಊಟವನ್ನು ಬರೆದಂತೆಯೇ, ಬೆಳಿಗ್ಗೆ ಶೌಚ ಮುಗಿಸಿ, ಏನನ್ನೂ ಕುಡಿಯುವ ಮೊದಲು ನನ್ನ ತೂಕವನ್ನೂ ನೋಡಿ ಬರೆಯುತ್ತಿದ್ದೆ. ಒಂದು ದಿನದ ತೂಕಕ್ಕೆ ಬೆಲೆ ಕೊಡಬಾರದು. ಮದುವೆಯ ಹೋಳಿಗೆ ಊಟದ ಮರುದಿನ ಒಂದು ಕೆಜಿ ಏರಿದ್ದನ್ನು ನೋಡಿದ್ದೇನೆ. ಒಂದು ಕೆಜಿ ಕೊಬ್ಬು ಕೂಡಲು ಸುಮಾರು 7,700 ಕ್ಯಾಲೊರಿ ಹೆಚ್ಚುವರಿಯಾಗಿ ತಿನ್ನಬೇಕು, ಅದು ಒಂದು ಪಂಕ್ತಿಯಲ್ಲಿ ಆಗುವ ಕೆಲಸವಲ್ಲ. ಉಪ್ಪು ಮತ್ತು ಹಿಟ್ಟಿನ ಪದಾರ್ಥ ಹಿಡಿದಿಟ್ಟ ನೀರು ಅದು. ಹೀಗಾಗಿ ವಾರದ ಸರಾಸರಿಯನ್ನು ಮಾತ್ರ ಹೋಲಿಸುತ್ತಿದ್ದೆ. ಅದು ಏರದೆ ಇಳಿಯದೆ ನಿಂತಿದ್ದ ಆ ವಾರಗಳಲ್ಲಿ ನನ್ನ ಊಟದ ಸರಾಸರಿ 2,100 ಬಂತು. ಇದು ನನ್ನ ತೂಕವನ್ನು ಇದ್ದಲ್ಲೇ ಇರಿಸುವ ಅಂಕಿ, 1,640ರ 1.28 ಪಟ್ಟು.

ನನ್ನ ಬರವಣಿಗೆಯಲ್ಲಿ ದಿನಕ್ಕೆ ಐವತ್ತು–ನೂರು ಕ್ಯಾಲೊರಿ ತಪ್ಪಿರಬಹುದಲ್ಲವೇ ಎಂದು ಅಂಗಡಿಯ ಸಾಹುಕಾರರು ಕೇಳಿದರು. ಖಂಡಿತ ತಪ್ಪಿರಬಹುದು. ಆದರೆ ಸೇರು ಸ್ವಲ್ಪ ಚಿಕ್ಕದಾಗಿದ್ದರೂ ಅಳೆದುಕೊಳ್ಳುವಾಗಲೂ ಅಳೆದುಕೊಡುವಾಗಲೂ ಅದೇ ಸೇರನ್ನು ಬಳಸಿದರೆ ವ್ಯತ್ಯಾಸ ಸರಿಯಾಗಿಯೇ ಸಿಗುತ್ತದೆ. 2,100ರಿಂದ 400 ಕಳೆದು 1,700 ಎಂದು ಗುರಿ ಇಟ್ಟುಕೊಂಡೆ. 1,640ಕ್ಕಿಂತ ಕೆಳಗೆ ಇಳಿಯಬಾರದೆಂಬುದು ನಾನೇ ಹಾಕಿಕೊಂಡ ಗೆರೆ. ಲೆಕ್ಕದ ಪ್ರಕಾರ ತಿಂಗಳಿಗೆ ಒಂದೂವರೆ ಕೆಜಿ ಇಳಿಯಬೇಕು. ಮೊದಲ ವಾರ ನೀರು ಹೋಗಿ ಹೆಚ್ಚು ಇಳಿಯಿತು, ಆಮೇಲೆ ತಿಂಗಳಿಗೆ ಒಂದು ಕೆಜಿಗೆ ತುಸು ಮೇಲೆ. ಆ 400ರಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ, ಸಕ್ಕರೆ, ಬೆಣ್ಣೆಯಿಂದಲೇ ಕಳೆಯಿತು. ಉಳಿದದ್ದಕ್ಕೆ ರಾತ್ರಿಯ ಅನ್ನ ಕಡಿಮೆಯಾಗಿ ಹೆಸರುಕಾಳು ಪಲ್ಯ, ಮೊಸರು ಹೆಚ್ಚಾದವು. ದೇಹದ ತೂಕದ ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕೆಂಬ ಶಿಫಾರಸನ್ನು ಕಡಿಮೆ ಊಟದಲ್ಲೂ ಮುಟ್ಟಬೇಕಿತ್ತು.

ನನ್ನ ಪತ್ನಿಗೆ 45 ವರ್ಷ, 154 ಸೆಂ.ಮೀ., 61 ಕೆಜಿ. ಯಾರೋ ಹೇಳಿದರೆಂದು ಆಕೆ ದಿನಕ್ಕೆ 1,200ರ ಊಟ ಹಿಡಿಯಲು ಹೊರಟಿದ್ದಳು. ಅದೇ ಸೂತ್ರದಲ್ಲಿ ಆಕೆಯ ಅಂಕಿ 1,187. ಎಂದರೆ ದಿನವಿಡೀ ಮಲಗಿದ್ದರೆ ಬೇಕಾಗುವಷ್ಟು. ಮನೆಗೆಲಸವೆಲ್ಲ ಮಾಡುವವಳಿಗೆ 1.375ರಂತೆ 1,630 ಬೇಕು, 1,400ರಲ್ಲೇ ನಿಧಾನವಾಗಿ ಇಳಿಯಬಹುದು ಎಂದು ತೋರಿಸಿದ ಮೇಲೆ ಒಪ್ಪಿದಳು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಅಣ್ಣನಿಗೆ ಮಾತ್ರ ನಾನು ಯಾವ ಅಂಕಿಯನ್ನೂ ಬರೆದುಕೊಡಲಿಲ್ಲ. ಊಟ ಕಡಿಮೆಯಾದರೆ ಔಷಧದ ಪ್ರಮಾಣವೂ ಬದಲಾಗಬೇಕಾಗುತ್ತದೆ, ಅದು ವೈದ್ಯರು ನಿರ್ಧರಿಸುವ ವಿಷಯ.

74 ಕೆಜಿಗೆ ಬಂದ ಮೇಲೆ ಲೆಕ್ಕವನ್ನು ಹೊಸದಾಗಿ ಹಾಕಿದೆ. ಅಷ್ಟರಲ್ಲಿ ವಯಸ್ಸು 48 ಆಗಿತ್ತು. ಸೂತ್ರದಿಂದ 1,555, ಅದರ 1.28 ಪಟ್ಟು 1,990. ಹಗುರಾದ ದೇಹಕ್ಕೆ ಖರ್ಚೂ ಕಡಿಮೆಯಾದ್ದರಿಂದ ಹಳೆಯ 2,100ಕ್ಕೆ ಮರಳಿದರೆ ತೂಕವೂ ನಿಧಾನವಾಗಿ ಮರಳುತ್ತದೆ. ಈಗ 2,000 ಎಂದು ಹಿಡಿದು, ಅದನ್ನು ದಿನಕ್ಕಲ್ಲದೆ ವಾರಕ್ಕೆ 14,000 ಎಂದು ಲೆಕ್ಕ ಇಟ್ಟಿದ್ದೇನೆ. ಭಾನುವಾರದ ಎರಡು ಬೆಣ್ಣೆ ದೋಸೆ ಅದರೊಳಗೇ ಹೊಂದಿಕೊಳ್ಳುತ್ತವೆ. ಊಟವನ್ನು ತೂಗುವುದನ್ನು ನಿಲ್ಲಿಸಿದ್ದೇನೆ. ಬೆಳಗಿನ ತೂಕ ಮತ್ತು ತಿಂಗಳ ಎಣ್ಣೆ, ಇವೆರಡನ್ನು ಮಾತ್ರ ಬರೆಯುತ್ತೇನೆ. ವಾರದ ಸರಾಸರಿ ಸತತ ಎರಡು ವಾರ 75.5 ದಾಟಿದರೆ ತಕ್ಕಡಿಯನ್ನು ಮತ್ತೆ ಅಡುಗೆಮನೆಗೆ ತರುವುದೆಂದು ನಾನೂ ಪತ್ನಿಯೂ ಮಾತನಾಡಿಕೊಂಡಿದ್ದೇವೆ.