ಪಟ್ಟಿ ಬಂದ ದಿನವೇ ತೆಗೆದಿಟ್ಟ ರೊಕ್ಕ

ನೂರು ರೂಪಾಯಿ ಉಳಿದರೆ ಅದರಲ್ಲಿ ಎಂಟು ಗಂಡ ಹೆಂಡತಿ ನಮ್ಮಿಬ್ಬರ ಸ್ವಂತ ಆಸೆಗೆ. ನಾಲ್ಕು ಮನೆಯವರಿಗೆ, ನಾಲ್ಕು ನನಗೆ. ಭತ್ತದ ಪಟ್ಟಿ, ಅಂದರೆ ಮಾರಾಟದ ಲೆಕ್ಕ ಮತ್ತು ರೊಕ್ಕ, ಕೈಗೆ ಬಂದ ದಿನವೇ ಅದು ಬೇರೆ ಖಾತೆಗೆ ಹೋಗುತ್ತದೆ, ಉಳಿದ ಲೆಕ್ಕ ಆಮೇಲೆ. 2022ರ ಮುಂಗಾರಿ ಸುಗ್ಗಿಯಿಂದ 2025ರ ಸುಗ್ಗಿಯವರೆಗೆ ಆರು ಪಟ್ಟಿಗೆ ಇದೇ ಪದ್ಧತಿ. ಅವರ ಹಾರ್ಮೋನಿಯಂ ಪೇಟಿ ಮನೆಗೆ ಬಂತು, ನನ್ನ ಶುದ್ಧ ರೇಷ್ಮೆಯ ಇಳಕಲ್ ಸೀರೆ ಬಂತು, ಎರಡಕ್ಕೂ ದನಿ ಏರಲಿಲ್ಲ. "ಒಕ್ಕಲುತನದ ಮನ್ಯಾಗ ಇದು ನಡೆಯಂಗಿಲ್ಲ, ಪಗಾರದವರಿಗೆ ಸರಿ" ಎಂದವರು ಕಾರಟಗಿಯಲ್ಲೂ ಇದ್ದರು, ನನ್ನ ತವರು ಸಿಂಧನೂರಲ್ಲೂ ಇದ್ದರು. ನಡೆದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಂಕಿ ನೆನಪಿನಿಂದ ಹೇಳುತ್ತೇನೆ, ಹೆಚ್ಚುಕಡಿಮೆ ಇರಬಹುದು. ಆರು ಎಕರೆ, ಎಕರೆಗೆ 38 ಚೀಲ, ಚೀಲಕ್ಕೆ 75 ಕೆಜಿ. ಚೀಲಕ್ಕೆ 1,700ರಂತೆ ಹಿಡಿದರೂ 3,87,600 ಆಯಿತು. ಗೊಬ್ಬರ, ಕೀಟದ ಎಣ್ಣೆ, ನಾಟಿ, ಕಟಾವಿನ ಮಷಿನ್ನು, ಹಮಾಲಿ ಎಲ್ಲ ಸೇರಿ ಎಕರೆಗೆ 40,000 ಹೋದರೆ ಕೈಯಲ್ಲಿ ನಿಲ್ಲುವುದು 1,45,000 ಆಸುಪಾಸು. ನೂರಕ್ಕೆ ಎಂಟು ಅಂದರೆ 11,600, ಒಬ್ಬೊಬ್ಬರಿಗೆ 5,800. ಚೀಲದ ಒಟ್ಟು ರೊಕ್ಕದ ಮೇಲೆ ಎಂಟು ತೆಗೆಯಬಾರದು. ಒಂದು ಸಲ ಹಾಗೆ ಮಾಡಿ ಸೊಸೈಟಿಗೆ ಕಟ್ಟುವುದಕ್ಕೇ ಕಡಿಮೆ ಬಿತ್ತು. ಬಡ್ಡಿಯಿಲ್ಲದ ಬೆಳೆಸಾಲ ಅವಧಿಯೊಳಗೆ ಕಟ್ಟಿದರೆ ಮಾತ್ರ ಬಡ್ಡಿಯಿಲ್ಲದ್ದು, ದಿನ ದಾಟಿತೆಂದರೆ ಬಡ್ಡಿ ಬಿತ್ತು. ಮೊದಲು ಸೊಸೈಟಿ, ಗೊಬ್ಬರದಂಗಡಿಯ ಉದ್ರಿ, ಆಮೇಲೆ ನಮ್ಮ ಎಂಟು, ಅದಾದ ಮೇಲೆ ಮುಂದಿನ ಬೆಳೆ, ಮನೆ, ಆಸ್ಪತ್ರೆಯ ಗಂಟು. ಈ ಸಾಲು ಹಿಂದೆಮುಂದೆ ಆಗಬಾರದು.

ಈ ಪದ್ಧತಿಗೆ ಬರುವ ಮೊದಲು ಸೋತದ್ದೂ ಇದೆ. ಎಲ್ಲ ಖರ್ಚು ಕಳೆದು ಕೊನೆಗೆ ಉಳಿದದ್ದರಲ್ಲಿ ಆಸೆ ತೀರಿಸಿಕೊಳ್ಳೋಣ ಎನ್ನುವುದೇ ಮೊದಲ ಸೋಲು. ಕೊನೆಗೆ ಏನೂ ಉಳಿಯುವುದಿಲ್ಲ. ಯೂರಿಯಾ ಬಂತೆಂದರೆ ಎರಡು ಚೀಲ ಹೆಚ್ಚಿಗೆ, ಜಾತ್ರೆ ಬಂತೆಂದರೆ ಮಕ್ಕಳಿಗೆ ಬಟ್ಟೆ. ಆಸೆ ಇದ್ದವರು ಕೊನೆಗೆ ಉಳಿತಾಯದ ಗಂಟಿಗೇ ಕೈ ಹಾಕುತ್ತಾರೆ, ಜಗಳ ಹುಟ್ಟುವುದು ಅಲ್ಲಿ.

ಎರಡನೇ ಸೋಲು ದುಡಿದಷ್ಟು ಪಾಲು. ಹೊಲ ಅವರ ಹೆಸರಲ್ಲಿ, ಪಟ್ಟಿ ಅವರ ಹೆಸರಲ್ಲಿ, ಹಾಗಾಗಿ ಅವರಿಗೆ ಆರು, ನನಗೆ ಎರಡು ಎಂದು ಶುರುವಾಯಿತು. ಕಳೆ ತೆಗೆದದ್ದು, ಆಳುಗಳ ಬುತ್ತಿ, ಎರಡು ಎಮ್ಮೆಯ ಹೈನು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಒಂದೇ ಸುಗ್ಗಿಗೆ ಅದು ಮುರಿಯಿತು. ಸರಿಸಮ ಮಾಡಿದ ಮೇಲೆಯೇ ಹಳಿಗೆ ಬಿತ್ತು. ಈ ಪದ್ಧತಿಯಲ್ಲಿ ಒಂದನ್ನೇ ಹಿಡಿಯಿರಿ ಎಂದರೆ ಇದನ್ನೇ ಹೇಳುತ್ತೇನೆ. ಪ್ರಮಾಣ ಎಂಟಿರಲಿ, ಐದಿರಲಿ, ಪಾಲು ಮಾತ್ರ ಸಮ.

ಮೂರನೆಯದು ಚೀಟಿ, ಎಲ್ಲಕ್ಕಿಂತ ದುಬಾರಿ ಬಿದ್ದದ್ದು. ಇಪ್ಪತ್ತು ಜನ, ತಿಂಗಳಿಗೆ 2,000, ಒಟ್ಟು 40,000. ಹಳೇ ಬುಲೆಟ್ಟಿನ ಆಸೆಗೆ ಆರನೇ ತಿಂಗಳಲ್ಲೇ 8,000 ಬಿಟ್ಟು ಕೂಗಿ 32,000 ತಂದಾಯಿತು. ಆಮೇಲೆ ಹದಿನಾಲ್ಕು ಕಂತು, ನಡುವೆ ಭತ್ತದ ಬೆಲೆ ಬಿತ್ತು. ಆಸೆ ತೀರಿದ ಮೇಲೂ ಒಂದು ವರ್ಷದ ಮೇಲೆ ಕಂತು ಕಟ್ಟುವುದೆಂದರೆ ಅದು ಸಾಲವೇ. ಗಾಡಿಗೆ ಕಡಿಮೆ ಬಿದ್ದ 26,000ಕ್ಕೆ ಇಬ್ಬರ ಹೆಸರಿನ ಎಫ್‌ಡಿ ಮುರಿದೆವು. ಅವಧಿಗೆ ಮೊದಲು ಮುರಿಯುವಾಗ ಬ್ಯಾಂಕಿನವರು ಇಬ್ಬರ ಸಹಿಯನ್ನೂ ಕೇಳುತ್ತಾರೆ, ಹಾಗಾಗಿ ಅದು ಭದ್ರ ಎಂದು ನಂಬಿದ್ದೆವು. ಕೌಂಟರಿನ ಮುಂದೆ, ನಾಲ್ಕು ಜನರ ಎದುರು, ಯಾವ ಹೆಂಗಸೂ "ಸಹಿ ಹಾಕಲ್ಲ" ಎನ್ನುವುದಿಲ್ಲ. ಸಹಿ ಬೀಳುತ್ತದೆ, ಮಾತು ಮನೆಯಲ್ಲಿ ಮೂರು ತಿಂಗಳು ನಿಲ್ಲುತ್ತದೆ.

ಆ ಬುಲೆಟ್ಟಿನಿಂದ ಕಲಿತದ್ದು ಬಾಲದ ಖರ್ಚು, ಅಂದರೆ ಕೊಂಡ ಮೇಲೆ ಹಿಂದೆಯೇ ಬರುವ ಖರ್ಚು. 58,000ಕ್ಕೆ ಬಂದ ಗಾಡಿ ಒಂದೂವರೆ ವರ್ಷದಲ್ಲಿ ಹೆಸರು ಬದಲಾವಣೆ, ವಿಮೆ, ಬ್ಯಾಟರಿ, ಚೈನ್ ಸ್ಪ್ರಾಕೆಟ್, ಕ್ಲಚ್ ಪ್ಲೇಟು, ಹಿಂದಿನ ಟೈರು ಅಂತ 19,000 ತಿಂದಿತು. ಪೆಟ್ರೋಲು ಬೇರೆ. ಮಾರಿದಾಗ ಬಂದದ್ದು 46,000. ಈಗ ಯಾವ ವಸ್ತುವಿನ ಆಸೆಯಾದರೂ ಕೊಳ್ಳುವ ಬೆಲೆಯ ಪಕ್ಕದಲ್ಲಿ ಎರಡು ವರ್ಷದ ಬಾಲ ಬರೆಯಬೇಕು. ಎರಡೂ ಸೇರಿ ಸ್ವಂತ ಖಾತೆಯಲ್ಲಿ ಇದ್ದರೆ ಮಾತ್ರ ಕೊಳ್ಳುವುದು. ಬಾಲವನ್ನು ಮನೆ ಖರ್ಚಿಗೆ ಅಂಟಿಸಿದರೆ ಲೆಕ್ಕವೆಲ್ಲ ನೀರಿಗೆ ಹೋದಂತೆ.

ಸೀರೆಯ ಬಾಲ ಚಿಕ್ಕದು. ಸೀರೆಗೆ 14,000 ಬಿತ್ತು, ಫಾಲು, ಕುಪ್ಪಸದ ಹೊಲಿಗೆ, ಡ್ರೈವಾಶ್ ಸೇರಿ ಎರಡು ವರ್ಷಕ್ಕೆ 1,500. ಪೇಟಿಯ ಬಾಲ ನೋಡುವುದಕ್ಕೆ ಚಿಕ್ಕದು, ತಪ್ಪು ಪೇಟಿ ತಂದರೆ ದೊಡ್ಡದಾಗುತ್ತದೆ. ಭಜನೆಯಲ್ಲಿ ಒಬ್ಬೊಬ್ಬರ ಶ್ರುತಿ ಒಂದೊಂದು, ಅದಕ್ಕೆ ಶ್ರುತಿ ಬದಲಿಸಬಹುದಾದ ಸ್ಕೇಲ್ ಚೇಂಜರ್ ಪೇಟಿಯೇ ಬೇಕೇ ಬೇಕೆಂದರು. ಹೊಸದಕ್ಕೆ 40,000 ಹೇಳುತ್ತಿದ್ದರು, ಗದಗಿನ ಕಡೆ ಕೈಬದಲಾದದ್ದು 24,000ಕ್ಕೆ ಸಿಕ್ಕಿತು, ದುರಸ್ತಿಗೆ 2,600. ಕೊಳ್ಳುವಾಗ ಒಂದು ಪರೀಕ್ಷೆ ಮರೆಯಬಾರದು. ಮುಂದಿನ ಎಳೆಯುವ ಗುಂಡಿಗಳು, ಅಂದರೆ ಸ್ಟಾಪರ್, ಎಲ್ಲ ಮುಚ್ಚಿ, ಬೆರಳಿಡುವ ಒಂದೂ ಮನೆ ಒತ್ತದೆ, ಗಾಳಿಯ ತಿದಿ ತುಂಬಿ ಬಿಡಬೇಕು. ಹತ್ತು ಎಣಿಸುವುದರೊಳಗೆ ಕುಸಿದರೆ ಗಾಳಿ ಎಲ್ಲೋ ಸೋರುತ್ತಿದೆ ಎಂದರ್ಥ. ನಮ್ಮ ಕಡೆಯ ಬೇಸಿಗೆಗೆ ಹಲಗೆ ಒಣಗಿ ಬಾಗುತ್ತದೆ, ಸ್ವರ ನುಡಿಸುವ ರೀಡಿನ ಹಲಗೆ ಕೂಡುವಲ್ಲಿ ಸಂದು ಬೀಳುತ್ತದೆ. ಇನ್ನೊಂದು ಇಲಿ. ಭತ್ತ ಒಟ್ಟುವ ಮನೆಯಲ್ಲಿ ತಿದಿಯ ಮಡಿಕೆಯನ್ನು ಇಲಿ ಬಿಡುವುದಿಲ್ಲ. ತಗಡಿನ ಪೆಟ್ಟಿಗೆಯಲ್ಲಿ, ನೆಲದಿಂದ ಎರಡಡಿ ಮೇಲೆ, ಚೀಲದ ಕೋಣೆಯಿಂದ ದೂರ ಇಡಬೇಕು. ಬೆಲೆ ಇಳಿಸುವಾಗ ಆಡಿದ ಒಂದು ಮಾತಿಗೆ ಮೂರು ಸಾವಿರ ಇಳಿಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂ ಒಂದು ತಬಲಾ ಜೋಡಿ ಕೊಳ್ಳುವುದಿದೆ.

ರೊಕ್ಕ ಎಲ್ಲಿ ಇಡಬೇಕು ಎಂಬುದಕ್ಕೂ ಬಹಳ ಓಡಾಡಿದೆವು. ಅಂಚೆ ಕಚೇರಿಯ ಆರ್‌ಡಿಗೆ 6.7 ಬಡ್ಡಿ ಚೆನ್ನಾಗೇ ಇದೆ, ಆದರೆ ಅದು ಐದು ವರ್ಷದ್ದು, ತಿಂಗಳಿಗೊಮ್ಮೆ ಕಟ್ಟಬೇಕು. ತಪ್ಪಿದ ಕಂತಿಗೆ ನೂರಕ್ಕೆ ಒಂದು ರೂಪಾಯಿ ದಂಡ, ನಾಲ್ಕು ತಪ್ಪಿದರೆ ಖಾತೆ ನಿಲ್ಲುತ್ತದೆ. ಮೂರು ವರ್ಷಕ್ಕೆ ಮುರಿದರೆ ಉಳಿತಾಯ ಖಾತೆಯ ಬಡ್ಡಿಯಷ್ಟೇ. ವರ್ಷಕ್ಕೆ ಎರಡು ಸಲ ರೊಕ್ಕ ನೋಡುವ ನಮ್ಮಂಥವರಿಗೆ ಅದು ಹೊಂದುವುದಿಲ್ಲ. ಸುಗ್ಗಿಯಲ್ಲಿ ಬಂದ 5,800ನ್ನು ಹಾಗೇ ಒಂದು ವರ್ಷದ ಎಫ್‌ಡಿ ಮಾಡುವುದೇ ಸರಿ, ಒಬ್ಬರದು ಒಬ್ಬರ ಹೆಸರಲ್ಲೇ.

ಸಾಸಿವೆ ಡಬ್ಬಿ, ಸೀರೆ ಮಡಿಕೆ ಬೇಡವೇ ಬೇಡ. 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ನಿಂತಾಗ ಎಷ್ಟು ಹೆಂಗಸರು ಬಚ್ಚಿಟ್ಟ ಗಂಟನ್ನು ಗಂಡಂದಿರ ಮುಂದೆ ಬಿಚ್ಚಬೇಕಾಯಿತೆಂದು ಎಲ್ಲರಿಗೂ ನೆನಪಿದೆ. ಬಚ್ಚಿಟ್ಟದ್ದು ಸಿಕ್ಕಾಗ ಅದು ಕಳ್ಳ ರೊಕ್ಕ ಎನಿಸಿಕೊಳ್ಳುತ್ತದೆ. ಹೇಳಿ ಇಟ್ಟದ್ದನ್ನು ಯಾರೂ ಹಾಗೆ ಅನ್ನಲಾರರು.

ಇಲ್ಲಿ ಬಹಳ ಮಂದಿ ಎಡವುವುದು ಮೊಬೈಲ್ ನಂಬರಿನಲ್ಲಿ. ಹೆಂಡತಿಯ ಖಾತೆಗೂ ಗಂಡನದೇ ನಂಬರ್ ಇರುತ್ತದೆ. 300 ರೂಪಾಯಿ ತೆಗೆದರೂ ಅವರ ಫೋನಿಗೆ ಮೆಸೇಜು, ಸಂಜೆಗೆ "ಎದಕ ತಗದಿ?" ಎಂಬ ಪ್ರಶ್ನೆ. ಸ್ವಂತ ರೊಕ್ಕ ಎಂದು ಹೆಸರಿಟ್ಟು ಏನು ಬಂತು? ಶಾಖೆಗೆ ಹೋಗಿ ಅರ್ಜಿ ಕೊಟ್ಟು ನಂಬರ್ ಬದಲಿಸಿ, ಮೊದಲ ದಿನವೇ. ಆ ಖಾತೆಗೆ ಫೋನ್‌ಪೇ ಜೋಡಿಸಬೇಡಿ, ಎಟಿಎಂ ಕಾರ್ಡೂ ಬೇಡ. ಪಾಸ್‌ಬುಕ್ ಹಿಡಿದು ಹೋಗಿಯೇ ತೆಗೆಯಬೇಕೆಂದರೆ ಅರ್ಧ ಆಸೆ ದಾರಿಯಲ್ಲೇ ಕರಗುತ್ತದೆ. ಉಳಿದದ್ದು ನಿಜವಾದ ಆಸೆ.

ಗೃಹಲಕ್ಷ್ಮಿಯ 2,000ವನ್ನು ಈ ಲೆಕ್ಕಕ್ಕೆ ಸೇರಿಸಿ ನೋಡಿದೆವು. ಮೊದಲು ಮನೆ ಖರ್ಚಿಗೆ ಹಿಡಿದೆವು, ಕಂತು ತಡವಾದಾಗ ಕಿರಾಣಿ ಉದ್ರಿ ಬೆಳೆಯಿತು. ಆಮೇಲೆ ನನ್ನ ಪಾಲಿನಿಂದ ಅಷ್ಟು ಕಳೆಯೋಣ ಎಂಬ ಮಾತು ಬಂತು. ಇದು ತಪ್ಪು. ಹಾಗೆ ಕಳೆದರೆ ಯಾವ ಹೆಂಗಸೂ ಬಂದದ್ದನ್ನು ಬಂತು ಎನ್ನುವುದಿಲ್ಲ, ಬಚ್ಚಿಡುವುದು ಮತ್ತೆ ಶುರು. ಈಗ ಅದನ್ನು ಲೆಕ್ಕದಿಂದ ಹೊರಗೇ ಇಟ್ಟಿದ್ದೇವೆ.

ಬಂಗಾರದ ಅಂಗಡಿಯ ಹನ್ನೊಂದು ತಿಂಗಳ ಸ್ಕೀಮೂ ನೋಡಿದ್ದಾಯಿತು. ಕೊನೆಗೆ ಬಂಗಾರವನ್ನೇ ಕೊಳ್ಳಬೇಕು, ಮೇಲೆ ಮಜೂರಿ, 3 ಪರ್ಸೆಂಟ್ ಜಿಎಸ್‌ಟಿ. ಪೇಟಿಯ ಆಸೆಗೆ ಅದು ದಾರಿಯಲ್ಲ. ಬಿಟ್ಟೆವು.

ಕೊಳ್ಳುವ ನಿಯಮ ಸಣ್ಣದು. 5,000 ಒಳಗಿನದಕ್ಕೆ ಹೇಳುವುದೂ ಬೇಡ. ಮೇಲಿನದಕ್ಕೆ ತರುವ ಮೊದಲು ಹೇಳಬೇಕು, ಒಪ್ಪಿಗೆ ಕೇಳುವ ಹಾಗಿಲ್ಲ. ಇನ್ನೊಬ್ಬರು ಬೇಡ ಎನ್ನುವಂತಿಲ್ಲ. ಒಂದೇ ಒಂದು ಸಲ, ಹದಿನೈದು ದಿನ ತಡೆಯಿರಿ ಎನ್ನಬಹುದು, ಅದೂ ಆಸ್ಪತ್ರೆ, ಶಾಲೆ ಫೀಜು, ಮೇಲುಗೊಬ್ಬರ ಈ ಮೂರರಲ್ಲಿ ಒಂದು ಕಾರಣಕ್ಕೆ. ಹದಿನೈದು ದಿನ ಕಳೆಯಿತೋ, ದಾರಿ ಬಿಡಬೇಕು. "ರೀ, ಗೊಬ್ಬರ ಹಾಕಿದ ಮ್ಯಾಲೆ ತರ್ರಿ" ಎಂದು ಪೇಟಿಗೆ ಒಮ್ಮೆ ತಡೆ ಹಾಕಿದ್ದೆ, ಹದಿನಾರನೇ ದಿನ ಅವರು ಗದಗಿನ ಬಸ್ಸು ಹತ್ತಿದರು. ಹಾಗೇ ಆಗಬೇಕು.

ಪಂಚಮಿಗೆ ನಾದಿನಿಯರನ್ನು ಕರೆತಂದು ಸೀರೆ ಕೊಡುವುದು, ತವರಿನ ಮದುವೆಯ ಆಯೇರಿ, ಅಂದರೆ ಉಡುಗೊರೆ, ಇವು ಯಾರ ಸ್ವಂತ ರೊಕ್ಕವೂ ಅಲ್ಲ. ಅವಕ್ಕೆ ಮನೆ ಲೆಕ್ಕದಲ್ಲೇ ವರ್ಷಕ್ಕೆ 9,000, ಎರಡೂ ಕಡೆಗೆ ಸರಿಯಾಗಿ ಅರ್ಧರ್ಧ. ಇದನ್ನು ಬೇರೆ ಮಾಡದಿದ್ದರೆ ನಾಲ್ಕರ ಪಾಲು ಬೀಗರ ಪಾಲಾಗುತ್ತದೆ.

ನೀರು ಬಾರದ ವರ್ಷ ಈ ಪದ್ಧತಿ ಕುಸಿಯುತ್ತದೆ ಎಂದವರಿಗೆ ಕೊನೆಯ ಲೆಕ್ಕ. 2023ರಲ್ಲಿ ಬರ, ಎರಡನೇ ಬೆಳೆಗೆ ನೀರಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಮುಂಗಾರಿ ಬೆಳೆಯೇ ಹೋಯಿತೆಂದು ಎಲ್ಲರ ಎದೆ ಒಡೆದಿತ್ತು. ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಉಕ್ಕಿನ ತಡೆ ಕೂರಿಸಿ ನೀರು ನಿಲ್ಲಿಸಿದ್ದರಿಂದ ಬೆಳೆ ಕೈಗೆ ಬಂತು. 2025ರ ಸುಗ್ಗಿಯಾದ ಮೇಲೆ 33 ಗೇಟು ಬದಲಿಸುವ ಕೆಲಸಕ್ಕೆ ಮತ್ತೆ ಎರಡನೇ ಬೆಳೆ ಇಲ್ಲವಾಯಿತು. ಪಟ್ಟಿ ಇಲ್ಲದಿದ್ದರೆ ಎಂಟೂ ಇಲ್ಲ, ಇಬ್ಬರಿಗೂ ಸೊನ್ನೆ. ಹಳೆಯದಕ್ಕೆ ಯಾರೂ ಕೈ ಹಾಕುವಂತಿಲ್ಲ, ಮನೆ ಖರ್ಚಿಗೆ ಸಾಲವಾಗಿಯೂ ಇಲ್ಲ. ಒಮ್ಮೆ ಅವರ ಖಾತೆಯಿಂದ 4,000 ಮನೆಗೆ ಕೈಗಡ ತೆಗೆದು, ತಿರುಗಿ ಕೊಡುವುದಕ್ಕೆ ಏಳು ತಿಂಗಳು ಹಿಡಿಯಿತು. ಅಂದಿನಿಂದ ಆ ಬಾಗಿಲು ಮುಚ್ಚಿದೆ. ಆರು ಸುಗ್ಗಿಯಲ್ಲಿ ಒಬ್ಬೊಬ್ಬರಿಗೆ 33,000 ಆಗಿದೆ. ಪೇಟಿ, ದುರಸ್ತಿ ಕಳೆದು ಅವರಲ್ಲಿ ಈಗ 6,400 ಇದೆ, ನನ್ನಲ್ಲಿ 17,500. ತಬಲಾ ಜೋಡಿಯ ಬಾಲ ಬರೆಯುವ ಕೆಲಸ ನಡೆದಿದೆ. ಎಡಗೈಯ ಡಗ್ಗಾಕ್ಕೆ ಹೊಸ ಚರ್ಮ ಹಾಕಿಸುವುದಕ್ಕೆ ಎಷ್ಟು ಹಿಡಿಯುತ್ತದೆ ಎಂದು ಇನ್ನೂ ವಿಚಾರಿಸಬೇಕು.